ಓದುಗರು ಕೇಳಿದ್ದು: ಶಬಾನಾ ಹೋರಾಟ ಬರೀ ಪ್ರಚಾರಕ್ಕಾ?

ಪ್ರಶ್ನೆ: ಸಿನಿಮಾ ನಟಿಯರು ಬೀದಿಗಿಳಿದರೆ ಮರುದಿನ ಪೇಪರಲ್ಲಿ ಫೋಟೊ ಬರುತ್ತದೆ, ಅಲ್ಲಿಗೆ ಕಥೆ ಮುಗಿಯಿತು. ಶಬಾನಾ ಆಜ್ಮಿಯೂ ಅಷ್ಟೇ ಅಲ್ವಾ?

ಉತ್ತರ: ಫೋಟೊ ಬಂದೇ ಬರುತ್ತದೆ ಬಿಡಿ, ಅದನ್ನು ಯಾರು ತಡೀತಾರೆ! ಫೋಟೊ ಬಂದ ಮೇಲೆ ಏನಾಯಿತು ಅಂತ ನೋಡಬೇಕು. 1986ರಲ್ಲಿ ಮುಂಬೈನಲ್ಲಿ ಸಂಜಯ್ ಗಾಂಧಿ ನಗರ ಅನ್ನೋ ಕೊಳೆಗೇರಿಯನ್ನು ಕೆಡವಿ ಹಾಕಿದರು. ಅದೇ ವರ್ಷ ಶಬಾನಾ ನಟಿಸಿದ್ದ, ಮೃಣಾಲ್ ಸೇನ್ ಅವರ ‘ಜೆನೆಸಿಸ್’ ಕಾನ್ ಚಿತ್ರೋತ್ಸವಕ್ಕೆ ಆಯ್ಕೆಯಾಗಿತ್ತು. ಯಾವ ನಟಿಗಾದರೂ ಬಿಡಲು ಮನಸ್ಸು ಬಾರದ ಅವಕಾಶ. ಇವರು ಅಲ್ಲಿಗೆ ಹೋಗದೆ, ಸಾಕ್ಷ್ಯಚಿತ್ರ ನಿರ್ದೇಶಕ ಆನಂದ್ ಪಟವರ್ಧನ್ ಮತ್ತಿತರರ ಜೊತೆ ಉಪವಾಸ ಕೂತರು. ಅಪ್ಪ ಕೈಫಿ ಆಜ್ಮಿ ಊರಲ್ಲಿರಲಿಲ್ಲ. ಮಗಳು ಊಟ ಬಿಟ್ಟು ಕೂತಿದ್ದಾಳೆ ಅಂದರೆ ಬೇರೆ ಅಪ್ಪಂದಿರು ಓಡಿ ಬರುತ್ತಿದ್ದರೇನೋ, ಈ ಕಮ್ಯುನಿಸ್ಟ್ ಕವಿ ಮಾತ್ರ ‘ಒಳ್ಳೆಯದಾಗಲಿ ಕಾಮ್ರೇಡ್’ ಅಂತ ಟೆಲಿಗ್ರಾಂ ಕಳಿಸಿದರು. ಕೊನೆಗೆ ಸರ್ಕಾರ ಗೋರೆಗಾಂವ್ ಕಡೆ ಬದಲಿ ಜಾಗ ಕೊಡಲು ಒಪ್ಪಿತು. ಅಲ್ಲಿಗೆ ಕೈತೊಳೆದುಕೊಳ್ಳದೆ, ಗುಡಿಸಲು ಕಳೆದುಕೊಂಡವರ ಪರವಾಗಿದ್ದ ನಿವಾರಾ ಹಕ್ಕ್ ಸಂಘಟನೆ ಜೊತೆ ವರ್ಷಗಟ್ಟಲೆ ಇದ್ದರು. ಪ್ರಚಾರಕ್ಕೆ ಬಂದವರು ಅಷ್ಟು ವರ್ಷ ನಿಲ್ಲಲ್ಲ ಅನ್ನೋದು ನನ್ನ ಲೆಕ್ಕ.

ಪ್ರಶ್ನೆ: ನಟನೆಯೇ ಬೇರೆ, ಚಳವಳಿಯೇ ಬೇರೆ. ಎರಡನ್ನೂ ಯಾಕೆ ಬೆರೆಸಬೇಕು?

ಉತ್ತರ: ಬೆರೆಸಿದ್ದು ಅವರೊಬ್ಬರೇ ಅಲ್ಲ, ನೋಡಿದವರೂ ಬೆರೆಸಿದರು. ಶಬಾನಾ ಹೆಂಡತಿಯಾಗಿ ನಟಿಸಿದ ‘ಅರ್ಥ್’ ಸಿನಿಮಾದ ಕೊನೆ ನೆನಪಿದೆಯಾ? ಇನ್ನೊಬ್ಬಳಿಗಾಗಿ ಬಿಟ್ಟುಹೋದ ಗಂಡ ವಾಪಸ್ ಬಂದು ಕ್ಷಮಿಸು ಅನ್ನುತ್ತಾನೆ. ನಾನು ಹೀಗೇ ಮಾಡಿ ಬಂದಿದ್ದರೆ ನೀನು ಸೇರಿಸಿಕೊಳ್ಳುತ್ತಿದ್ದೆಯಾ ಅಂತ ಇವಳು ಕೇಳುತ್ತಾಳೆ. ಇಲ್ಲ ಅನ್ನುತ್ತಾನೆ, ಅಷ್ಟಾದರೂ ಪ್ರಾಮಾಣಿಕ! ಅವಳು ಎದ್ದು ಹೊರಟುಬಿಡುತ್ತಾಳೆ. ನಮ್ಮ ದೇಶದ ಹೆಂಡತಿ ಗಂಡನನ್ನು ಕ್ಷಮಿಸದೆ ಇರ್ತಾಳಾ, ಇದನ್ನು ಬದಲಿಸಿ ಅಂತ ವಿತರಕರು ಪಟ್ಟು ಹಿಡಿದಿದ್ದರಂತೆ. ಬದಲಿಸಲಿಲ್ಲ. 1982ರಲ್ಲಿ ಸಿನಿಮಾ ಬಂದ ಮೇಲೆ ಹೆಂಗಸರು ಶಬಾನಾ ಹತ್ತಿರ ಬರತೊಡಗಿದರು, ಆಟೋಗ್ರಾಫ್ ಕೇಳೋಕಲ್ಲ, ತಮ್ಮ ಸಂಸಾರದ ಗೋಳು ಹೇಳಿಕೊಂಡು ದಾರಿ ಕೇಳೋಕೆ. ಹೀಗೆ ಬಾಗಿಲಿಗೆ ಬಂದವರಿಗೆ ನಾನು ಬರೀ ನಟಿ ಅಂತ ಹೇಳಿ ಕಳಿಸೋದು ಸುಲಭವಾ? ‘ಪಾರ್’ ನೋಡಿ, ಕೂಲಿಯಿಲ್ಲದ ಬಸುರಿ ಹೆಂಗಸು ಗಂಡನ ಜೊತೆ ಹಂದಿಗಳ ಹಿಂಡನ್ನು ನದಿ ದಾಟಿಸುತ್ತಾಳೆ, ನೀರಲ್ಲಿ ಈಜುತ್ತಾ, ಏದುಸಿರು ಬಿಡುತ್ತಾ. ಆ ದೃಶ್ಯದಲ್ಲಿ ನಾಯಕಿಯ ಮುಖಕ್ಕೆ ಬಣ್ಣ ಎಲ್ಲಿದೆ ಹುಡುಕಿ, ಸಿಕ್ಕರೆ ನನಗೂ ಹೇಳಿ. ಈ ಎರಡಕ್ಕೂ ರಾಷ್ಟ್ರಪ್ರಶಸ್ತಿ ಬಂತು. ‘ಅಂಕುರ್’, ‘ಖಂಡಹರ್’, ‘ಗಾಡ್‌ಮದರ್’ ಸೇರಿ ಒಟ್ಟು 5.

ಪ್ರಶ್ನೆ: ಕನ್ನಡದಲ್ಲಿ ನಟಿಸಿದ್ದಾರಾ?

ಉತ್ತರ: ಹೌದು, ಎಂ.ಎಸ್. ಸತ್ಯು ಅವರ ‘ಕನ್ನೇಶ್ವರ ರಾಮ’, 1977. ನಾಯಕ ನಮ್ಮ ಅನಂತ್ ನಾಗ್. ಇಬ್ಬರೂ ಅದಕ್ಕೂ ಮೊದಲೇ ‘ಅಂಕುರ್’ನಲ್ಲಿ ಜೊತೆಯಾಗಿದ್ದರು.

ಪ್ರಶ್ನೆ: ಟಿವಿಯಲ್ಲಿ, ಸಂಸತ್ತಿನಲ್ಲಿ ಏನು ಮಾಡಿದರು?

ಉತ್ತರ: 1997ರಿಂದ 2003ರವರೆಗೆ ರಾಜ್ಯಸಭೆಯಲ್ಲಿ ನಾಮನಿರ್ದೇಶಿತ ಸದಸ್ಯೆ. ಟಿವಿಯಲ್ಲಿ ‘ಅನುಪಮಾ’ ಧಾರಾವಾಹಿ, ಈಚೆಗೆ 2022ರಲ್ಲಿ ಇಂಗ್ಲಿಷ್‌ನ ‘ಹೇಲೋ’ ಸರಣಿ. ಆದರೆ ನನಗೆ ಜಾಸ್ತಿ ಇಷ್ಟ ಏಡ್ಸ್ ಬಗ್ಗೆ ಸರ್ಕಾರ ಮಾಡಿಸಿದ ಪುಟ್ಟ ಚಿತ್ರ. ಎಚ್‌ಐವಿ ಇರುವವರನ್ನು ಮುಟ್ಟೋಕೂ ಜನ ಹೆದರುತ್ತಿದ್ದ ಕಾಲ. ಶಬಾನಾ ಅದರಲ್ಲಿ ಎಚ್‌ಐವಿ ಇರುವ ಮಗುವನ್ನು ಸುಮ್ನೆ ಅಪ್ಪಿಕೊಳ್ಳುತ್ತಾರೆ, ದೊಡ್ಡ ಭಾಷಣ ಇಲ್ಲ. ಇನ್ನು ಅಪ್ಪನ ಊರು, ಉತ್ತರ ಪ್ರದೇಶದ ಮಿಜ್ವಾಂ. ಕೈಫಿ ಶುರು ಮಾಡಿದ್ದ ಸಂಸ್ಥೆಯನ್ನು ಮಗಳು ಮುಂದುವರಿಸಿದ್ದಾರೆ. ಹುಡುಗಿಯರಿಗೆ ಶಾಲೆ, ಹೆಂಗಸರಿಗೆ ಚಿಕನ್‌ಕಾರಿ ಕಸೂತಿ ಕೆಲಸ. ಅದಕ್ಕೆ ದುಡ್ಡು ಸೇರಿಸಲು ಮುಂಬೈನಲ್ಲಿ ಫ್ಯಾಷನ್ ಶೋ ಮಾಡುತ್ತಾರೆ, ನನಗೆ ಆ ಥಳಕು ಅಷ್ಟಕ್ಕಷ್ಟೇ, ಆದರೆ ಹಳ್ಳಿಯಲ್ಲಿ ಕೂತು ಸೂಜಿ ಹಿಡಿದವಳ ಕೈಗೆ ಕೂಲಿ ಸೇರುತ್ತದಲ್ಲ, ಅದಕ್ಕೇ ಬಾಯಿ ಮುಚ್ಚಿಕೊಂಡಿದ್ದೇನೆ.