ಗಣಪತಿ ಹಾಲು ಕುಡಿದ ದಿನದ ಸಾಲು

ಮಾನ್ಯರೇ, 1995ರಲ್ಲಿ ಗಣಪತಿ ಹಾಲು ಕುಡಿದನೆಂಬ ಸುದ್ದಿಯನ್ನು ಓದುಬರಹ ಬಲ್ಲವರೂ ಒಂದೇ ದಿನದಲ್ಲಿ ನಂಬಿದ್ದು ಹೇಗೆಂದು ಕೇಳಿದ್ದೀರಿ. ಆ ಸೆಪ್ಟೆಂಬರ್ 21ರಂದು ಉಡುಪಿಯ ನಮ್ಮ ಕೇರಿಯ ಅಶ್ವತ್ಥಕಟ್ಟೆಯ ಎದುರು, ದೊಡ್ಡಮ್ಮನ ಜೊತೆ ಲೋಟ ಹಿಡಿದು ಸಾಲಿನಲ್ಲಿ ನಿಂತವರಲ್ಲಿ ನಾನೂ ಒಬ್ಬ. ದೆಹಲಿಯಲ್ಲಿ ಹುಟ್ಟಿದ ಸುದ್ದಿ ದೂರವಾಣಿಯ ಮೂಲಕ ಊರೂರಿಗೆ ಹಬ್ಬಿತ್ತು. ನಮಗೆ ಅದನ್ನು ಹೇಳಿದವರು ಅಪರಿಚಿತರಲ್ಲ, ಅತ್ತೆ, ಭಾವ, ನೆರೆಮನೆಯವರು. ಇದು ಬಹಳ ಮುಖ್ಯವೆಂದು ನನಗನ್ನಿಸುತ್ತದೆ.

ತುಂಬಿದ ಚಮಚವನ್ನು ಸೊಂಡಿಲಿಗೆ ತಾಗಿಸಿ ತುಸು ವಾಲಿಸಿದರೆ ಹಾಲು ನಿಜಕ್ಕೂ ಇಳಿಯುತ್ತಿತ್ತು, ಆದ್ದರಿಂದ ಯಾರೂ ಸುಳ್ಳು ಹೇಳಲಿಲ್ಲ. ದ್ರವದ ಮೇಲ್ಮೈ ಸೆಳೆತದಿಂದ ಚಮಚ ಬಿಟ್ಟ ಹಾಲು, ಒದ್ದೆ ಕಲ್ಲಿನ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾಗಿ ಹರಿದು ಕೆಳಗಿಳಿಯುವುದನ್ನು ವಿಜ್ಞಾನಿಗಳು ಬಣ್ಣ ಬೆರೆಸಿದ ಹಾಲಿನಿಂದ ತೋರಿಸಿಕೊಟ್ಟರು. ಸಾಲಿನಲ್ಲಿದ್ದವರ ಕಣ್ಣು ಮಾತ್ರ ಚಮಚದ ಮೇಲಿತ್ತು, ವಿಗ್ರಹದ ಬುಡದ ಮೇಲಿರಲಿಲ್ಲ. ಕಟ್ಟೆಯ ಅಂಚಿನಿಂದ ಜಿನುಗಿದ ಹಾಲಿಗೆ ಇರುವೆ ಮುತ್ತಿದ್ದನ್ನು ನಾನು ಕಂಡಿದ್ದೆನಾದರೂ, ಮುಂದಿದ್ದವರೆಲ್ಲ ಕಣ್ಣಲ್ಲಿ ನೀರು ತುಂಬಿ ಕೈಮುಗಿದು ನಿಂತಿರುವಾಗ ಬಾಯಿ ತೆರೆಯುವ ಧೈರ್ಯವಾಗಲಿಲ್ಲ. ಸಂಜೆ ದೊಡ್ಡಮ್ಮ ಮಂಗಳೂರಿನಲ್ಲಿದ್ದ ತಂಗಿಗೆ ಫೋನು ಮಾಡಿ, “ನಾನೇ ಕುಡಿಸಿ ಬಂದೆ ಮಾರಾಯ್ತಿ, ನೀನೂ ಬೇಗ ಹೋಗು” ಎಂದರು.