ಬಾತಿನ ಕಾಲುಂಗುರ, ಬೇಟೆಯ ಲೆಕ್ಕ

ಪ್ರಶ್ನೆ: ಕೋಡಿಬೆಂಗ್ರೆಯ ಅಳಿವೆಯಲ್ಲಿ ಕಾಲಿಗೆ ಉಂಗುರ ತೊಡಿಸಿದ ಒಂದು ಕಡಲಕ್ಕಿಯನ್ನು ಕಂಡೆ. ಅಮೆರಿಕದಲ್ಲಿ ವಲಸೆ ಬಾತುಗಳ ಬೇಟೆಯನ್ನು ಅಳೆಯುವುದಕ್ಕೂ ಇಂತಹ ಉಂಗುರವನ್ನೇ ಬಳಸುತ್ತಾರಂತೆ. ಹೊಡೆದವನು ಬಾಯಿ ಬಿಡದಿದ್ದರೆ ಆ ಲೆಕ್ಕಕ್ಕೆ ಏನು ಬೆಲೆ?
– ಓದುಗರೊಬ್ಬರು, ಉಡುಪಿ

ಉತ್ತರ: ಆ ವಿಧಾನ ಎಡವುವ ಜಾಗವನ್ನೇ ನೀವು ಹಿಡಿದಿದ್ದೀರಿ. ಬೇಟೆಯ ಋತು ಆರಂಭವಾಗುವ ಮುನ್ನ, ಕಾಳು ಚೆಲ್ಲಿ ಬಲೆಗೂಡಿನಲ್ಲಿ ಹಿಡಿದ ಬಾತುಗಳ ಲಿಂಗ ಮತ್ತು ಪ್ರಾಯವನ್ನು ಬರೆದುಕೊಂಡು, ಒಂದೊಂದಕ್ಕೂ ಬೇರೆ ಬೇರೆ ಸಂಖ್ಯೆ ಕೊರೆದ ಹಗುರ ಲೋಹದ ಉಂಗುರ ತೊಡಿಸಿ ಬಿಡುತ್ತಾರೆ. ಹೊಡೆದ ಹಕ್ಕಿಯ ಕಾಲಲ್ಲಿ ಉಂಗುರ ಸಿಕ್ಕಿದ ಬೇಟೆಗಾರ, 1920ರಿಂದ ಈ ದಾಖಲೆಗಳನ್ನು ಇಡುತ್ತಿರುವ ಅಲ್ಲಿನ ಸರಕಾರಿ ಪ್ರಯೋಗಾಲಯಕ್ಕೆ ಅದರ ಸಂಖ್ಯೆಯನ್ನು ತಿಳಿಸುತ್ತಾನೆ. ಸಾವಿರ ಉಂಗುರಗಳಲ್ಲಿ ಅದೇ ಋತುವಿನಲ್ಲಿ ನಲವತ್ತರ ಸುದ್ದಿ ಬಂತೆನ್ನೋಣ. ಉಂಗುರ ಸಿಕ್ಕಿದವರಲ್ಲಿ ಅರ್ಧದಷ್ಟು ಮಂದಿ ಮಾತ್ರ ತಿಳಿಸುವವರಾದರೆ, ನಿಜವಾಗಿ ಬೇಟೆಯಾದವು ಎಂಬತ್ತು, ಅಂದರೆ ನೂರಕ್ಕೆ ಎಂಟು.

ಆ ‘ಅರ್ಧ’ವನ್ನು ತಿಳಿಯುವುದು ಹೇಗೆ? ಇದಕ್ಕೆ ಹೂಡಿದ ಉಪಾಯ ನನಗೆ ಬಹಳ ಮೆಚ್ಚುಗೆಯಾದದ್ದು. ಕೆಲವು ಹಕ್ಕಿಗಳಿಗೆ, ತಿಳಿಸಿದವರಿಗೆ ನೂರು ಡಾಲರ್ ಬಹುಮಾನವೆಂದು ಬರೆದ ಉಂಗುರವನ್ನು ತೊಡಿಸುತ್ತಾರೆ. ಅಷ್ಟು ಹಣವನ್ನು ಯಾರೂ ಬಿಟ್ಟುಕೊಡಲಾರರೆಂದು ಎಣಿಸಿ, ಬಹುಮಾನದ ಉಂಗುರಗಳ ಸುದ್ದಿ ಬರುವ ಪ್ರಮಾಣದೊಡನೆ ಸಾದಾ ಉಂಗುರಗಳದ್ದನ್ನು ಹೋಲಿಸಿದರೆ, ಸುಮ್ಮನಿದ್ದುಬಿಟ್ಟವರ ಪಾಲು ತಾನಾಗಿ ಹೊರಬೀಳುತ್ತದೆ. 1980ರ ದಶಕದಲ್ಲಿ ಮಲ್ಲಾರ್ಡ್ ಬಾತಿನ ಉಂಗುರ ಸಿಕ್ಕಿದವರಲ್ಲಿ ಮೂರರಲ್ಲೊಂದು ಪಾಲು ಮಾತ್ರ ತಿಳಿಸುತ್ತಿದ್ದರು. 1990ರ ದಶಕದಲ್ಲಿ ಉಚಿತ ದೂರವಾಣಿ ಸಂಖ್ಯೆ ಬಂದ ಬಳಿಕ ಅದು ಮೂರರಲ್ಲೆರಡು ಪಾಲನ್ನೂ ದಾಟಿತು. ಅಪ್ರಾಮಾಣಿಕತೆಗಿಂತ ಅಂಚೆಗೆ ಹಾಕುವ ಉದಾಸೀನವೇ ದೊಡ್ಡ ಕಾರಣವಾಗಿತ್ತೆಂದು ತೋರುತ್ತದೆ. ಗುಂಡು ತಗುಲಿಯೂ ಜೊಂಡಿನೊಳಗೆ ಬಿದ್ದು ಕೈಗೆ ಸಿಗದ ಹಕ್ಕಿಗಳ ಲೆಕ್ಕವನ್ನು ಮಾತ್ರ ಉಂಗುರ ಹೇಳದು. ಅದನ್ನು ಬೇರೆಯಾಗಿಯೇ ಅಂದಾಜಿಸಬೇಕು.

ಇದರ ಜೊತೆಗೆ ಆ ಋತುವಿನಲ್ಲಿ ಒಟ್ಟು ಎಷ್ಟು ಹಕ್ಕಿಗಳು ಬೇಟೆಯಾದವೆಂಬ ಅಂದಾಜೂ ಕೈಗೆ ಬಂದರೆ ಹಕ್ಕಿಗಳ ಒಟ್ಟು ಸಂಖ್ಯೆಯನ್ನೂ ಅಂದಾಜಿಸಬಹುದು. ಬೆಳ್ತಿಗೆ ಅಕ್ಕಿಯ ಮೂಟೆಗೆ ಎಣಿಸಿದ ಸಾವಿರ ಕಾಳು ಕುಚ್ಚಲಕ್ಕಿಯನ್ನು ಚೆನ್ನಾಗಿ ಬೆರೆಸಿ, ಒಂದು ಹಿಡಿ ತೆಗೆದು, ಅದರಲ್ಲಿ ಕುಚ್ಚಲಕ್ಕಿ ಎಷ್ಟಿದೆಯೆಂದು ನೋಡಿದರೆ ಮೂಟೆಯ ಕಾಳುಗಳನ್ನು ಲೆಕ್ಕಹಾಕಬಹುದಲ್ಲವೆ? ಫ್ರೆಡರಿಕ್ ಲಿಂಕನ್ ಎಂಬವರು 1930ರಲ್ಲಿ ಬಾತುಗಳಿಗೆ ಅನ್ವಯಿಸಿದ್ದು ಇದೇ ಲೆಕ್ಕವನ್ನು. ಎಷ್ಟು ದಿನ, ಎಷ್ಟು ಹಕ್ಕಿ ಹೊಡೆಯಬಹುದೆಂಬ ಅಲ್ಲಿನ ನಿಯಮಗಳಿಗೆ ಈ ಬಗೆಯ ಅಂಕಿಗಳು ಇಂದಿಗೂ ಆಧಾರ.

ನಮ್ಮಲ್ಲಿ ಇಂತಹ ಬೇಟೆಗೆ ಕಾನೂನಿನ ಅನುಮತಿಯೇ ಇಲ್ಲದಿರುವುದರಿಂದ, ಹೊಡೆದವನು ಸಂಖ್ಯೆ ತಿಳಿಸಿಯಾನೆಂದು ನಂಬಿ ಕೂರುವಂತಿಲ್ಲ. ಇಲ್ಲಿನ ಉಂಗುರ ಮುಖ್ಯವಾಗಿ ವಲಸೆಯ ಹಾದಿಯನ್ನು ತಿಳಿಯುವುದಕ್ಕೆ. ನೀವು ಕಂಡ ಹಕ್ಕಿಯ ಕಾಲಲ್ಲಿ ಬಣ್ಣದ ಪಟ್ಟಿಯೂ ಇದ್ದರೆ, ಯಾವ ಕಾಲು, ಮೇಲೆ ಯಾವ ಬಣ್ಣ, ಕೆಳಗೆ ಯಾವುದು ಎಂಬುದನ್ನು ಗುರುತು ಹಾಕಿಕೊಳ್ಳಿ. ಉಂಗುರ ತೊಡಿಸಿದ ದೇಶವನ್ನು ಅದರಿಂದ ಪತ್ತೆಹಚ್ಚಲು ಸಾಧ್ಯ. ದಿನಾಂಕ, ಸ್ಥಳ ಮತ್ತು ಛಾಯಾಚಿತ್ರದೊಂದಿಗೆ ಮುಂಬೈಯ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಬರೆಯಿರಿ. ಬಲೆಗೆ ಸಿಕ್ಕಿದ ಹಕ್ಕಿ ಜೀವಂತವಾಗಿದ್ದರೆ ಉಂಗುರವನ್ನು ಕಳಚದೆ, ಸಂಖ್ಯೆಯನ್ನಷ್ಟೇ ಬರೆದುಕೊಂಡು ಹಾರಲು ಬಿಡಿ.