ಕಸಾಂಡ್ರಳಿಗೆ ಕವಚ ಸಾಲದು
ಮುಂಬೈಯ ಮಾಟುಂಗದ ಮೈಸೂರು ಅಸೋಸಿಯೇಷನ್‌ನಲ್ಲಿ ಆಡಲಿರುವ ನೃತ್ಯದಲ್ಲಿ ಗ್ರೀಕ್ ಪುರಾಣದಲ್ಲಿ ಭವಿಷ್ಯ ನುಡಿಯುವ ಟ್ರಾಯ್‌ನ ರಾಜಕುಮಾರಿ ಕಸಾಂಡ್ರಳನ್ನು ಸೈಬೋರ್ಗ್ (ಮನುಷ್ಯ-ಯಂತ್ರ ಬೆಸೆದ ಜೀವಿ) ಆಗಿ ತೋರಿಸಲು ಎಲ್‌ಇಡಿ ಕವಚ ಸಾಕೇ, ನಮ್ಮ ಕನ್ನಡ ಪ್ರೇಕ್ಷಕರಿಗೆ ಅವಳು ಅರ್ಥವಾಗುತ್ತಾಳೆಯೇ ಎಂದು ಕೇಳಿದ್ದೀರಿ.

ಕವಚ ಸಾಲದು. 1960ರಲ್ಲಿ ವಿಜ್ಞಾನಿಗಳಾದ ಕ್ಲೈನ್ಸ್ ಮತ್ತು ಕ್ಲೈನ್ ಸೈಬೋರ್ಗ್ ಕಲ್ಪನೆಯನ್ನು ಮಂಡಿಸಿದಾಗ, ಬಾಹ್ಯಾಕಾಶದಲ್ಲಿ ಬದುಕಲು ದೇಹದೊಂದಿಗೇ ಬೆಸೆದು ತಾನಾಗಿ ಕೆಲಸ ಮಾಡುವ ಸಾಧನಗಳು ಅವರ ಮನಸ್ಸಿನಲ್ಲಿದ್ದವು. ಹಾಗೆಯೇ ಯಂತ್ರ ಕಸಾಂಡ್ರಳ ಚಲನೆಯೊಳಗೇ ಇರಲಿ. ಉಳಿದ ನರ್ತಕರ ಮುಂಗೈ, ಕಾಲುಗಳಿಗೆ ಚಲನೆ ಗುರುತಿಸುವ ಸೆನ್ಸರ್ ಕಟ್ಟಿ. ಅವರು ಹೆಜ್ಜೆಯಿಟ್ಟ ಮೇಲೆ ಸದ್ದು ಬರುತ್ತದೆ. ಕಸಾಂಡ್ರಳಿಗೆ ಮಾತ್ರ ಮೊದಲೇ ಧ್ವನಿಮುದ್ರಿಸಿದ ಸದ್ದು: ಸದ್ದು ಮುಂದೆ, ಹೆಜ್ಜೆ ಹಿಂದೆ. ಮುಂದಾಗುವುದು ಅವಳಿಗೆ ಗೊತ್ತು ಎಂಬುದನ್ನು ಒಂದು ದೀಪವೂ ಇಲ್ಲದೆ ಹೇಳಬಹುದು. ಗ್ರೀಕ್ ನಾಟಕಕಾರ ಈಸ್ಕಿಲಸ್‌ನ ‘ಅಗಮೆಮ್ನಾನ್’ ನಾಟಕದಲ್ಲಿ ಅವಳು ಬಹಳ ಹೊತ್ತು ಬಾಯಿಬಿಡದೆ ನಿಂತಿದ್ದು, ಆಮೇಲೆ ಅಪೊಲೊ ದೇವರನ್ನು ಕೂಗುತ್ತಾಳೆ. ಆ ಮೌನವನ್ನು ದಯವಿಟ್ಟು ಕತ್ತರಿಸಬೇಡಿ.

ಪ್ರೇಕ್ಷಕರ ಚಿಂತೆ ಬೇಡ. ಮೈಲಾರದ ಕಾರ್ಣಿಕ ನಮ್ಮವರಿಗೆ ಗೊತ್ತು. ಬಿಲ್ಲೇರಿದ ಗೊರವಯ್ಯ ‘ಸದ್ದಲೇ’ ಎಂದೊಡನೆ ಜನಸಾಗರವೇ ಸ್ತಬ್ಧವಾಗುತ್ತದೆ. ಆಡಿದ ಒಂದು ನುಡಿಗೆ ವರ್ಷವಿಡೀ ಅರ್ಥ ಹುಡುಕುತ್ತಾರೆ. ಕಸಾಂಡ್ರಳದು ಇದಕ್ಕೆ ತದ್ವಿರುದ್ಧ: ನಿಜವನ್ನೇ ನುಡಿದರೂ ಯಾರೂ ನಂಬದಂತೆ ಅಪೊಲೊನ ಶಾಪ. ಅವಳು ಎತ್ತರಕ್ಕೇರಿ ನುಡಿಯುವಾಗ ಮೇಳದವರ ಕುಣಿತ ನಿಲ್ಲದೇ ಇರಲಿ, ಇನ್ನೂ ಜೋರಾಗಲಿ. ನನ್ನ ಮಟ್ಟಿಗೆ ಇಡೀ ಪ್ರಯೋಗದ ಜೀವ ಅಲ್ಲಿದೆ.

ಧ್ವನಿ ನಿರ್ವಹಿಸುವವರನ್ನು ಮಾತ್ರ ಮೊದಲ ತಾಲೀಮಿನಿಂದಲೇ ಜೊತೆಗೆ ಕೂರಿಸಿಕೊಳ್ಳಿ. ಕೊನೆಯ ವಾರದಲ್ಲಿ ಈ ಹೊಂದಾಣಿಕೆ ಕೂಡಿಬರುವುದಿಲ್ಲ.